ಕಂಬದ ಹಿಂದಿನ ಬೆಂಚು

ಸೋಫಾ ಬಾಗಿಲಲ್ಲಿ ಸಿಕ್ಕಿಕೊಂಡಿತ್ತು. ಒಳಗಿನಿಂದ ಅನಿಕೇತ ನೂಕುತ್ತಿದ್ದ, ಹೊರಗಿನಿಂದ ಅವನ ಅಪ್ಪ ನಿಜಲಿಂಗಪ್ಪ ಎಳೆಯುತ್ತಿದ್ದ. ಸೋಫಾ ಇಬ್ಬರ ಮಾತನ್ನೂ ಕೇಳದೆ ಅರ್ಧ ಒಳಗೆ, ಅರ್ಧ ಹೊರಗೆ ನಿಂತಿತ್ತು.

"ಓರೆ ಮಾಡ್ರೋ, ಓರೆ!" ನೀಲವ್ವ ಮಹಡಿಯ ಮೆಟ್ಟಿಲ ಮೇಲೆ ಕುಳಿತು ಕೂಗಿದಳು. "ಬರೇ ಜೋರು ಮಾಡಿದರ ಹೋಗತೈತೇನು? ಕಾಲು ಮ್ಯಾಲ ಮಾಡಿ ಹೊಳ್ಳಸ್ರಿ."

"ಆಯಿ, ಇಟ್ಸ್ ಸ್ಟಕ್," ಅಂದ ಮೊಮ್ಮಗ, ಬೆವರು ಒರೆಸಿಕೊಳ್ಳುತ್ತ.

"ಏನ್ ಸ್ಟಕ್ಕೋ! ನಿಮ್ಮವ್ವ ಒಬ್ಬಾಕಿನ ಹೊಳ್ಳಿಸಿ ಒಳಗ ತಂದಿದ್ದಳು." ಅಂದಳು ನೀಲವ್ವ. ಅಪ್ಪ, ಮಗ ಇಬ್ಬರೂ ಕ್ಷಣ ಕೈಬಿಟ್ಟು ನಿಂತರು. ಆಮೇಲೆ ಸೋಫಾವನ್ನು ಓರೆ ಮಾಡಿದರು. ಅದು ಜಾರಿಕೊಂಡು ಹೊರಗೆ ಹೋಯಿತು.

ಇಂಗ್ಲಿಷರ ನಾಡಿನ ಕೆಂಟನ್ನಿನಲ್ಲಿದ್ದ ಆ ಸಾಲುಮನೆಯ ಮುಂದಿನ ಕೋಣೆ ಚಿಕ್ಕದು. ಸೋಫಾ ತೆಗೆಯದಿದ್ದರೆ ಅನಿಕೇತನ ತಾಯಿ ಶೋಭಾಳ ಶವಪೆಟ್ಟಿಗೆ ಇಡಲು ಜಾಗವಿರಲಿಲ್ಲ. ಅವಳು ತೀರಿಕೊಂಡು ಎರಡು ವಾರದ ಮೇಲಾಗಿತ್ತು. ಈ ಊರಲ್ಲಿ ಮಣ್ಣಿಗೂ ಸರದಿ ಕಾಯಬೇಕು. ಇವತ್ತು ಒಂದು ತಾಸು ಮನೆಯಲ್ಲಿ, ಆಮೇಲೆ ಅವಳ ಚರ್ಚಿನಲ್ಲಿ, ಆಮೇಲೆ ಮಣ್ಣು.

ಸೋಫಾ ಹೊರಗೆ ಬೀಳುವುದಕ್ಕೂ ದಾನಪ್ಪ ಬರುವುದಕ್ಕೂ ಸರಿಹೋಯಿತು. ಅವನು ನೀಲವ್ವನ ತಮ್ಮ. ಅಕ್ಕನಿಗಿಂತ ಬಹಳ ಮೊದಲೇ ಈ ದೇಶಕ್ಕೆ ಬಂದು, ಅಂಚೆ ಕಚೇರಿಯಲ್ಲಿ ದುಡಿದು, ಈಗ ಎಜ್‌ವೇರಿನಲ್ಲಿ ಆರಾಮಾಗಿದ್ದವನು. ವಿಜಯಪುರ, ಬೆಳಗಾವಿ ಕಡೆಯವರ ಮನೆಯಲ್ಲಿ ಹುಟ್ಟು ಸಾವು ಏನಾದರೂ ಅವನೇ ಮುಂದೆ. ಒಂದು ಕೈಯಲ್ಲಿ ವಿಭೂತಿ ಗಟ್ಟಿ, ಬಿಲ್ವಪತ್ರಿಯ ಪೊಟ್ಟಣ. ಇನ್ನೊಂದರಲ್ಲಿ ಫೋನು, ಚಾರ್ಜರಿನ ವೈರು.

"ಅಕ್ಕಾ, ಊರಾಗಿನ ಅಯ್ಯನೋರಿಗೆ ಹೇಳೀನಿ. ವಿಡಿಯೋದಾಗ ಬರ್ತಾರ. ನಾವು ಫೋನು ಹಿಡದ್ರ ಸಾಕು, ಮಂತ್ರ ಅವರು ಅಂತಾರ. ವೈಫೈ ಪಾಸ್‌ವರ್ಡ್ ಏನು?"

"ನನ್ನ ಕೇಳ್ತೀಯಲ್ಲ! ಹುಡುಗೂರನ್ನ ಕೇಳು."

ದಾನಪ್ಪ ಆಚೀಚೆ ನೋಡಿ ದನಿ ಇಳಿಸಿದ. "ಅದು ನಿನ್ನ ಕಡೇನ ಐತಲ್ಲ?"

ನೀಲವ್ವನ ಕೈ ತಾನಾಗಿಯೇ ಸೊಂಟಕ್ಕೆ ಸಿಕ್ಕಿಸಿದ್ದ ಚೀಲವನ್ನು ಮುಟ್ಟಿತು. ಅದರೊಳಗೆ ಒಂದು ಬೆಳ್ಳಿಯ ಕರಡಿಗೆ, ಕರಡಿಗೆಯೊಳಗೆ ಒಂದು ಇಷ್ಟಲಿಂಗ. ಅವಳದಲ್ಲ, ಅವಳದು ಅವಳ ಕೊರಳಲ್ಲಿತ್ತು. ಇದು ಸೊಸೆಯದು.

"ಐತಿ."

"ಹಂಗಾರ ಮುಗೀತು. ಹಣಿಗೆ ವಿಭೂತಿ ಹಚ್ಚಿ, ಕೈಯಾಗ ಲಿಂಗಾ ಇಟ್ಟು ಕಟ್ಟಿಬಿಡೂಣು. ಬದುಕಿದ್ದಾಗ ತಪ್ಪಿಸಿಕೊಂಡು ಹ್ವಾದಳು. ಮಣ್ಣಿಗರೆ ನಮ್ಮಾಕಿಯಾಗಿ ಹೋಗಲಿ."

"ಚರ್ಚಿನವರು?"

"ಅವರಿಗ್ಯಾಕ ಹೇಳಬೇಕು? ಮುಚ್ಚಳ ಹಾಕಿದ ಮ್ಯಾಲ ಒಳಗೇನೈತಿ ಅಂತ ಯಾರ ನೋಡ್ತಾರ?"

ಅನಿಕೇತನ ಕಿವಿಗೆ ಅದು ಬಿದ್ದಿತ್ತು. "ನೋ. ಮಮ್ಮಿ ನನಗ ಹೇಳಿದ್ದಳು. ಜಸ್ಟ್ ಚರ್ಚ್. ಬೇರೆ ಏನೂ ಬ್ಯಾಡ."

"ನೀ ಸಣ್ಣಾಂವ, ನಿನಗ ತಿಳಿಯಂಗಿಲ್ಲ," ಅಂದ ದಾನಪ್ಪ.

ನಿಜಲಿಂಗಪ್ಪ ಇಬ್ಬರನ್ನೂ ನೋಡಲಿಲ್ಲ. ಅಂಗೈಗೆ ಮೆತ್ತಿದ ಧೂಳನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ ತಾಯಿಯ ಕಡೆ ತಿರುಗಿದ. "ಯವ್ವಾ, ನೀ ಹ್ಯಾಂಗ ಅಂತಿ ಹಂಗ. ಅಕೀನೂ ಹಂಗ ಹೇಳಿ ಹೋಗ್ಯಾಳ."

ಅದೇ ಕಷ್ಟವಾಗಿತ್ತು. ಕೊನೆಯ ವಾರ ಆಸ್ಪತ್ರೆಯಲ್ಲಿ ಶೋಭಾ ಅತ್ತೆಯ ಕೈ ಹಿಡಿದು ಹೇಳಿದ್ದಳು: "ಅತ್ತಿ, ನನಗೇನ ಬೇಕು ಅಂತ ಹುಡುಗೂರಿಗೆ ಹೇಳೀನಿ. ಆದರ ನಿಮ್ಮ ಮನಸ್ಸಿಗೆ ನೋವಾಗೂದಾದ್ರ ನೀವು ಹ್ಯಾಂಗ ಅಂತೀರಿ ಹಂಗ ಮಾಡ್ಲಿ. ನನ್ನ ದೇವರೇನೂ ಸಿಟ್ಟಾಗಂಗಿಲ್ಲ." ಹಟ ಹಿಡಿದು ಕೇಳಿದ್ದರೆ ನೀಲವ್ವ ಜಗಳವಾಡುತ್ತಿದ್ದಳು. ಜಗಳವಾಡಿದ್ದರೆ ಇವತ್ತು ಮನಸ್ಸು ಹಗುರಾಗಿರುತ್ತಿತ್ತು.

*

ಶೋಭಾ ಚರ್ಚಿನ ಬಾಗಿಲು ತುಳಿದಿದ್ದು ದೇವರನ್ನು ಹುಡುಕಿಕೊಂಡಲ್ಲ, ಅನಿಕೇತನಿಗೆ ಶಾಲೆ ಹುಡುಕಿಕೊಂಡು. ಮನೆಗೆ ಹತ್ತಿರದ ಒಳ್ಳೆಯ ಶಾಲೆ ಚರ್ಚಿನದು. ಭಾನುವಾರ ತಪ್ಪದೆ ಪ್ರಾರ್ಥನೆಗೆ ಬರುವ ಮನೆಗಳ ಮಕ್ಕಳಿಗೆ ಅಲ್ಲಿ ಮೊದಲ ಆದ್ಯತೆ. ಈ ಸಂಗತಿ ಕೆಂಟನ್ನಿನ ತಾಯಂದಿರಿಗೆಲ್ಲ ಗೊತ್ತಿತ್ತು. ಮಗುವಿಗೆ ಎರಡು ತುಂಬಿತೆಂದರೆ ಅವರು ಬೆಳಿಗ್ಗೆ ಮನೆಯಲ್ಲಿ ದೇವರಿಗೆ ದೀಪ ಹಚ್ಚಿ, ಮಗುವಿಗೆ ಕೋಟು ತೊಡಿಸಿ, ಚರ್ಚಿನ ಹಿಂದಿನ ಸಾಲುಗಳಲ್ಲಿ ಹೋಗಿ ಕೂರುತ್ತಿದ್ದರು. ಎಲ್ಲರೂ ಎದ್ದಾಗ ಏಳುವುದು, ಕೂತಾಗ ಕೂರುವುದು, ಹೊರಡುವಾಗ ಹೆಸರು ಬರೆಸುವುದು. ಸೀಟು ಸಿಕ್ಕ ಮರುವಾರ ಆ ಸಾಲುಗಳು ಖಾಲಿ.

ಅನಿಕೇತನಿಗೆ ಸೀಟು ಸಿಕ್ಕಿತು. ಶೋಭಾ ಮಾತ್ರ ಚರ್ಚಿಗೆ ಹೋಗುವುದನ್ನು ಬಿಡಲಿಲ್ಲ.

"ಮಗಳೂ ಅದಾಳಲ್ಲ, ಅಕೀ ಸಲುವಾಗಿ ಹೋಗ್ತಾಳ," ಅಂದರು ಜನ. ಅನ್ವಿತಾಗೂ ಸೀಟು ಸಿಕ್ಕಿತು. ಶೋಭಾ ಆಮೇಲೂ ಹೋದಳು. "ಏನರೆ ಕೊಡ್ತಿರಬೇಕು," ಅಂದರು. ಅವಳು ಮೊದಲಿನ ಹಾಗೆಯೇ ಕಿಟಕಿಯ ಪಕ್ಕ ಕೂತು ಊರಮಂದಿಯ ಬ್ಲೌಸು ಹೊಲಿಯುತ್ತಿದ್ದಳು. ಮೈಮೇಲೆ ಹೊಸ ಬಂಗಾರ ಬರಲಿಲ್ಲ, ಬಾಗಿಲಿಗೆ ಹೊಸ ಕಾರು ಬರಲಿಲ್ಲ. "ಹಂಗಾರ ತಲಿ ಕೆಟ್ಟೈತಿ," ಅಂದರು. ನಿಜಲಿಂಗಪ್ಪ ಹೆಂಡತಿಯ ಜೊತೆ ಮಾತು ಬಿಟ್ಟ. ಅವಳು ಅವನಿಗೆ ಊಟದ ಡಬ್ಬಿ ಕಟ್ಟುವುದು ಬಿಡಲಿಲ್ಲ. ತಾನು ಕೆಲಸ ಮಾಡುವ ಟ್ಯೂಬ್ ರೈಲಿನ ಸ್ಟೇಷನ್ನಿನಲ್ಲಿ ದಿನಾ ಮಧ್ಯಾಹ್ನ ಎಣಗಾಯಿ ಪಲ್ಲೆಯ ಡಬ್ಬಿ ತೆರೆದು ಸಿಟ್ಟು ಉಳಿಸಿಕೊಳ್ಳುವುದು ಅವನಿಗೆ ಕಷ್ಟವಾಯಿತು. ತಿಂಗಳಾಗುವುದರೊಳಗೆ ತಾನೇ ಮಾತಾಡಿಸಿದ.

ಗಂಡ ತೀರಿಕೊಂಡ ಮೇಲೆ ನೀಲವ್ವ ವಿಜಯಪುರ ಬಿಟ್ಟು ಮಗನ ಮನೆಗೆ ಬಂದಳು. ಆ ವರ್ಷವೇ ಶೋಭಾ ದೀಕ್ಷಾಸ್ನಾನ ಪಡೆಯುವುದೆಂದು ನಿಶ್ಚಯವಾಯಿತು. ಹಿಂದಿನ ಸಂಜೆ ಅವಳು ಅತ್ತೆಯ ಕೋಣೆಯ ಬಾಗಿಲಲ್ಲಿ ನಿಂತಳು. ಅಂಗೈಯಲ್ಲಿ ಕರಡಿಗೆ.

"ಇದನ್ನ ನೀವು ಇಟಗೋರಿ ಅತ್ತಿ."

"ಕೊಳ್ಳಾಗಿಂದು ತಗದೇನು?" ಅಂದಳು ನೀಲವ್ವ. "ಹುಟ್ಟಿದಾಗ ಕಟ್ಟಿದ್ದು ಅದು! ಅದನ್ನ ಬಿಟ್ಟು ನಾಳೆ ಮಣ್ಣಿಗೆ ಯಾರ ಕೂಡ ಹೋಗಾಕಿ ನೀ?"

"ಇದನ್ನ ಕಟಗೊಂಡು ಅಲ್ಲಿ ಹೋಗಿ ಕುಂತರ ಅವಂಗೂ ಸುಳ್ಳು, ಇದಕ್ಕೂ ಸುಳ್ಳು. ಹಂಗಂತ ಒಗಿಯಾಕ ನನ್ನ ಕೈಲೆ ಆಗಂಗಿಲ್ಲರಿ. ನೀವು ದಿನಾ ಪೂಜಾ ಮಾಡ್ತೀರಿ. ನಿಮ್ಮ ಕಡೆ ಇದ್ದರ ನನಗ ಸಮಾಧಾನ."

"ಖರೇ ಹೇಳು. ಏನ ಕೊಟ್ಟಾರ ಅವರು ನಿನಗ?"

ಶೋಭಾ ಹಾಸಿಗೆಯ ಅಂಚಿನಲ್ಲಿ ಕುಳಿತಳು. "ಏನೂ ಕೊಟ್ಟಿಲ್ಲರಿ. ಮೊದಮೊದಲು ಅಲ್ಲಿ ಕುಂತು, ಮಧ್ಯಾಹ್ನಕ್ಕ ಏನ ಪಲ್ಲೆ ಮಾಡ್ಲಿ ಅಂತ ಯೋಚನಿ ಮಾಡ್ತಿದ್ದೆ. ಒಂದ ವರ್ಷ ಈಸ್ಟರ್ ಹಬ್ಬದ ಮುಂಚಿನ ಗುರುವಾರ ಹೋಗಿದ್ದೆ. ಯೇಸು ಸಾಯೂಕಿಂತ ಮೊದಲ ತನ್ನ ಶಿಷ್ಯರ ಕಾಲು ತೊಳದಿದ್ದನಂತ. ಅದಕ್ಕ ಆವತ್ತ ಪಾದ್ರಿ ಮಂದಿ ಕಾಲು ತೊಳೀತಾರ. ಒಬ್ಬರು ಕಡಿಮಿ ಬಿದ್ರು, ನನ್ನ ಕರದ್ರು. ವಯಸ್ಸಾದ ಮನಶಾರಿ ಅಂವ. ಮೊಣಕಾಲೂರಿ ಕುಂತು, ನನ್ನ ಕಾಲು ತೊಳದು, ಟಾವೆಲ್ಲಿಲೆ ಒರಸಿದ. ನನ್ನ ಹಿಮ್ಮಡ ಒಡದಿದ್ದವು. ನಾಚಿಕಿ ಆತು."

"ಅಯ್ಯನ ನಿನ್ನ ಕಾಲು ತೊಳದನಾ?"

ನೀಲವ್ವನಿಗೆ ಅದು ಅರ್ಥವಾಗಲಿಲ್ಲ. ಅವರ ಮನೆಗೆ ಅಯ್ಯನವರು ಬಂದರೆ ಅವಳು ಅವರ ಪಾದ ತೊಳೆದು ಆ ನೀರನ್ನು ತಲೆಗೆ ಪ್ರೋಕ್ಷಿಸಿಕೊಳ್ಳುತ್ತಿದ್ದಳು. ಅವಳ ತಾಯಿಯೂ, ತಾಯಿಯ ತಾಯಿಯೂ ಹಾಗೇ ಮಾಡಿದ್ದರು. ನೀರು ತಿರುಗಿ ಹರಿಯುವುದನ್ನು ಅವಳು ಕಂಡಿರಲಿಲ್ಲ.

"ಹೂನ್ರಿ. ದೇವರಂಥಾವನ ಬಗ್ಗಿ ಕುಂತರ ನಾ ಎದ್ದು ಹ್ಯಾಂಗ ಬರ್ಲಿ?"

ನೀಲವ್ವ ಕರಡಿಗೆಯನ್ನು ಕಸಿದುಕೊಂಡಂತೆ ತೆಗೆದುಕೊಂಡಳು. "ಒಂದಿಲ್ಲ ಒಂದಿನ ಇದನ್ನ ಹೊಳ್ಳಿ ಬೇಡ್ತಿ ನೀ. ಅಲ್ಲೀತನಕ ಇಟಗೊಂಡಿರ್ತೀನಿ."

"ಆಗಲಿರಿ," ಅಂದಳು ಶೋಭಾ.

ಅಂದಿನಿಂದ ನೀಲವ್ವ ದಿನಾ ಬೆಳಿಗ್ಗೆ ಎರಡು ಲಿಂಗಕ್ಕೆ ಪೂಜೆ ಮಾಡುತ್ತಿದ್ದಳು.

*

ಕಪ್ಪು ಕೋಟಿನವರು ಪೆಟ್ಟಿಗೆಯನ್ನು ತಂದು ಕೋಣೆಯ ನಡುವೆ ಇಟ್ಟು, ಮುಚ್ಚಳ ತೆಗೆದು, ತಲೆ ಬಾಗಿಸಿ ಹೊರಗೆ ಹೋಗಿ ನಿಂತರು. ಹಸಿರು ಇಳಕಲ್ ಸೀರೆಯಲ್ಲಿ ಶೋಭಾ ಹೊಲಿಗೆಯ ನಡುವೆ ತೂಕಡಿಸಿದವಳ ಹಾಗಿದ್ದಳು. ಹಣೆ ಬರಿದಾಗಿತ್ತು.

ಶೋಭಾಳ ಗೆಳತಿ ಗುಲಾಬಿ ಮಲ್ಲಿಗೆ ಹೂವು ತಂದಿದ್ದಳು. ಅವಳು ಕುಂದಾಪುರದವಳು, ಅವಳ ಗಂಡ ವೆಂಕಪ್ಪ ಹ್ಯಾರೋದಲ್ಲಿ ಹೋಟೆಲು ನಡೆಸುತ್ತಿದ್ದ. ಅವಳೂ ಶೋಭಾಳೂ ಒಂದೇ ವರ್ಷ ಮಕ್ಕಳನ್ನು ಕಟ್ಟಿಕೊಂಡು ಚರ್ಚಿಗೆ ಹೋದವರು.

"ರವಿಕೆ ಕಾಣಿ ಅಮ್ಮ, ಅವಳೇ ಹೊಲಿದದ್ದು. ಈಗ ಎಷ್ಟು ದೊಗಳೆ ಆಯ್ತು," ಅಂದಳು ಗುಲಾಬಿ, ಹೂವನ್ನು ಕಾಲ ಬಳಿ ಇಡುತ್ತ. ಮೂಗು ಒರೆಸಿಕೊಂಡಳು. "ನಾನೂ ಹೋದವಳೇ ಮಾರಾಯ್ರೆ ಆ ಚರ್ಚಿಗೆ. ಎದ್ದು ಕೂತು ಎದ್ದು ಕೂತು ಮೊಣಕಾಲು ಹೋಯ್ತು. ನಮ್ಮ ಶಿಶಿರ್‌ಗೆ ಸೀಟು ಸಿಕ್ಕಿದ್ದೇ ಸೈ, ಮತ್ತೆ ಆ ಬದಿಗೆ ತಲೆ ಹಾಕ್ಲಿಲ್ಲ. ಇವಳಿಗೆ ಎಷ್ಟು ನೆಗಾಡಿದ್ದೆ! 'ನಿಂಗೆ ಎಂತ ಕಾಲೇಜಿನ ಸೀಟೂ ಅಲ್ಲೇ ಬೇಕಾ?' ಹೇಳಿ. ಒಂದು ದಿನವೂ ಸಿಟ್ಟು ಮಾಡ್ಲಿಲ್ಲ. ನಾನು ನೆಗಾಡಿದ ದಿನವೂ ಬ್ಲೌಸು ಸರೀ ಅಳತೆಗೇ ಹೊಲಿದು ಕೊಟ್ಳು."

"ಸ್ವಲ್ಪ ಸರೀರಿ ಬಾಯಾರ," ಅಂತ ದಾನಪ್ಪ ಫೋನು ಎತ್ತಿ ಹಿಡಿದ. "ಅಯ್ಯನೋರು ಬಂದ್ರು. ಅಯ್ಯಾವ್ರ, ಕೇಳಸತೈತೇನ್ರಿ?"

"ಫೋನು ಸೀದಾ ಹಿಡೀರಿ," ಫೋನಿನೊಳಗಿನ ದನಿ ಅಂದಿತು. "ನನಗ ಬರೇ ಗ್ವಾಡಿ ಕಾಣಾಕತ್ತೈತಿ."

ನೀಲವ್ವ ಚೀಲದಿಂದ ಕರಡಿಗೆ ತೆಗೆದಳು. ಲಿಂಗವನ್ನು ಮುಷ್ಟಿಯಲ್ಲಿ ಹಿಡಿದಳು. ಇಷ್ಟು ವರ್ಷ ಪೂಜೆ ಮಾಡಿದ್ದು ಈ ಒಂದು ಗಳಿಗೆಗಾಗಿ. ಬಾಗಿದಳು. ಶೋಭಾಳ ಬೆರಳುಗಳು ಒಂದರೊಳಗೊಂದು ಹೆಣೆದುಕೊಂಡಿದ್ದವು. ಲಿಂಗ ಇಡಬೇಕೆಂದರೆ ಆ ಬೆರಳುಗಳನ್ನು ಬಿಡಿಸಬೇಕಿತ್ತು.

ಪೆಟ್ಟಿಗೆಯ ಆಚೆ ಬದಿ ಅನ್ವಿತಾ ನಿಂತಿದ್ದಳು. ಅತ್ತು ಅವಳ ಕಣ್ಣು ಬಾತಿದ್ದವು. "ಆಯಿ, ಇಟ್ಸ್ ಓಕೆ," ಅಂದಳು ಮೆಲ್ಲಗೆ. "ನೀ ಏನ್ ಮಾಡಿದ್ರೂ ಮಮ್ಮಿ ನಿನ್ನ ಮ್ಯಾಲ ಸಿಟ್ಟಾಗಂಗಿಲ್ಲ."

ನೀಲವ್ವನ ಕೈ ಅಲ್ಲೇ ನಿಂತಿತು.

"ಅಕ್ಕಾ, ಲಗೂ," ಅಂದ ದಾನಪ್ಪ.

"ಈಗ ಬ್ಯಾಡ. ಮೊದಲ ಅಕಿ ಚರ್ಚಿಗೆ ಹೋಗಿ ಬರೂಣು. ಮಣ್ಣು ಕೊಡೂ ಮುಂದ ನೋಡೂಣು."

"ಮುಚ್ಚಳ ಹಾಕಿದ ಮ್ಯಾಲ ಹೊಳ್ಳಿ ತಗಿಯಂಗಿಲ್ಲ ಅವರು!"

"ಪೆಟಗಿ ಮ್ಯಾಲ ಇಟ್ಟರಾತು. ಮಣ್ಣು ಎಲ್ಲಾನೂ ಮುಚ್ಚತೈತಿ."

*

ಚರ್ಚಿನವರು ಮನೆಯೊಳಗೇ ಇದ್ದಾರೆ, ಎಚ್ಚರವಿರು, ನಿಧಾನಕ್ಕೆ ನಿನ್ನನ್ನೂ ಒಳಗೆ ಹಾಕಿಕೊಳ್ಳುತ್ತಾರೆ ಎಂದು ಶೋಭಾಳ ದೀಕ್ಷಾಸ್ನಾನವಾದ ಮೇಲೆ ದಾನಪ್ಪ ಬಂದಾಗಲೆಲ್ಲ ಹೇಳುತ್ತಿದ್ದ. ನೀಲವ್ವ ಎಚ್ಚರವಾಗಿದ್ದಳು. ತನ್ನ ಪಾತ್ರೆ ಬೇರೆ ಇಟ್ಟುಕೊಂಡಳು, ತನ್ನ ರೊಟ್ಟಿ ತಾನೇ ಬಡಿದುಕೊಂಡಳು. ಶೋಭಾ ಒಂದು ಮಾತಾಡದೆ ಅಡುಗೆಮನೆಯ ಒಳ್ಳೆಯ ಕಪಾಟನ್ನೇ ಅವಳಿಗೆ ಖಾಲಿ ಮಾಡಿಕೊಟ್ಟಳು. ಭಾನುವಾರ ಚರ್ಚಿಗೆ ಹೊರಡುವ ಮುಂಚೆ ಅತ್ತೆಯ ಪೂಜೆಯ ತಾಟು ತಿಕ್ಕಿ, ಒರೆಸಿ, ಕೋಣೆಯ ಹೊರಗೆ ಇಟ್ಟು ಹೋಗುತ್ತಿದ್ದಳು.

ನೀಲವ್ವನಿಗೆ ಬಗ್ಗಲು ಆಗದ ಕಾಲ ಬಂತು. ಸಕ್ಕರೆ ಕಾಯಿಲೆಯ ಕಾಲು ಚೆನ್ನಾಗಿ ನೋಡಿಕೊಳ್ಳಿ ಎಂದು ಜಿಪಿ ಡಾಕ್ಟರು ಹೇಳುತ್ತಿದ್ದರು. ಒಂದು ಶನಿವಾರ ಶೋಭಾ ಬೋಗುಣಿಯಲ್ಲಿ ಬಿಸಿನೀರು ತಂದು ಅತ್ತೆಯ ಮುಂದೆ ಕುಳಿತಳು. ಬೇಡ ಅನ್ನಬೇಕೆಂದುಕೊಂಡಳು ನೀಲವ್ವ. ಆದರೆ ಕಾಲು ನೀರೊಳಗೆ ಹೋಗಿಬಿಟ್ಟಿತ್ತು. ಆಮೇಲೆ ಪ್ರತಿ ಶನಿವಾರವೂ. ತೊಳೆದು, ಬೆರಳ ಸಂದಿ ಒರೆಸಿ, ಉಗುರು ಕತ್ತರಿಸಿ, ಎಣ್ಣೆ ಹಚ್ಚುವುದು.

ಈಗ ಶುರು ಮಾಡ್ತಾಳೆ, ಈಗ ಯೇಸುವಿನ ಮಾತು ತೆಗೀತಾಳೆ ಎಂದು ನೀಲವ್ವ ಪ್ರತಿ ಸಲ ಕಾಯುತ್ತಿದ್ದಳು. ಶೋಭಾ ಕೇಳುತ್ತಿದ್ದುದು ಒಂದೇ: "ನೀರು ಬಿಸಿ ಸಾಕೇನ್ರಿ?"

ಕಡೆಗೆ ನೀಲವ್ವನೇ ತಾಳಲಾರದೆ ಕೇಳಿದಳು. "ನಮ್ಮ ದೇವರ ಕಡೆ ಬರ್ರಿ ಅಂತ ನನ್ನ ಒಮ್ಮೆರೆ ಯಾಕ ಕರದಿಲ್ಲ ನೀ?"

ಶೋಭಾಗೆ ನಗು ಬಂತು. "ನೀವು ಒಲ್ಲೆ ಅಂದ್ರ ನನಗ ಕೆಟ್ಟ ಅನಸತೈತಿ, ಕರದೆ ಅಂತ ನಿಮಗ ಕೆಟ್ಟ ಅನಸತೈತಿ. ಅದಕ್ಕ ಅವಂಗ ಹೇಳೀನ್ರಿ, ನಮ್ಮತ್ತಿ ಕೂಡ ನೀನ ಮಾತಾಡ್ಕೋ ಅಂತ."

"ಏನಂದ ಅಂವ?"

"ನೀ ಮೊದಲ ಉಗುರು ನೆಟ್ಟಗ ತಗಿ ಅಂದ," ಅಂದಳು ಶೋಭಾ. ಅವತ್ತು ಇಬ್ಬರೂ ಬೋಗುಣಿಯ ನೀರು ಚೆಲ್ಲುವಷ್ಟು ನಕ್ಕಿದ್ದರು.

*

ಚರ್ಚಿನ ಮೊದಲ ಸಾಲಿನಲ್ಲಿ ಮನೆಯವರನ್ನು ಕೂರಿಸಿದರು. ನೀಲವ್ವ ಹಣೆಯ ವಿಭೂತಿಯ ಮೇಲೆ ಸೆರಗು ಎಳೆದುಕೊಂಡಿದ್ದಳು. ಕಾರ್ಡಿಗನ್ನಿನ ಕಿಸೆಯೊಳಗೆ ಮುಷ್ಟಿ, ಮುಷ್ಟಿಯೊಳಗೆ ಲಿಂಗ. ಬಿಳಿ ನಿಲುವಂಗಿಯ ಪಾದ್ರಿ ಹೆಂಗಸು.

"ಹೆಣ್ಣಮಗಳು ಅಯ್ಯಾ?" ಅಂದಳು ಮೊಮ್ಮಗಳ ಕಿವಿಯಲ್ಲಿ.

"ಹೂಂ ಆಯಿ. ಶಿ ಈಸ್ ನೈಸ್."

ಹಾಡಾಯಿತು, ಪ್ರಾರ್ಥನೆಯಾಯಿತು. ಆಮೇಲೆ ಗಾಲಿಯ ಊರುಗೋಲು ತಳ್ಳಿಕೊಂಡು ಒಬ್ಬ ಬಿಳಿಯ ಮುದುಕಿ ಮುಂದೆ ಹೋಗಿ ನಿಂತಳು. ನೀಲವ್ವನಷ್ಟೇ ವಯಸ್ಸು, ಅವಳಿಗಿಂತ ಎತ್ತರ. ಡೊರೀನ್ ಎಂದು ಹೆಸರು, ಮೊದಲು ಇಲ್ಲಿನ ಹಾಜರಿ ನೋಡಿಕೊಳ್ಳುತ್ತಿದ್ದವಳು ಎಂದು ಅನ್ವಿತಾ ಹೇಳಿದಳು. ಡೊರೀನ್ ಒಂದೊಂದು ಮಾತಾಡಿದಾಗಲೂ ಅನ್ವಿತಾ ತನಗೆ ಬರುವ ಕನ್ನಡದಲ್ಲಿ ಪಿಸುಗುಟ್ಟುತ್ತ ಹೋದಳು.

"ಆಯಿ, ಅವರು ಹೇಳ್ತಾರ, ಮಮ್ಮಿ ಫಸ್ಟ್ ಬಂದಾಗ ಅವರಿಗೆ ಇಷ್ಟ ಆಗಿರಲಿಲ್ಲಂತ... ಸೀಟ್ ಸಲುವಾಗಿ ಬರೋರನ್ನ ನೋಡಿ ನೋಡಿ ಸಾಕಾಗಿತ್ತಂತ... ಇವಳೂ ಹಂಗ ಅಂತ ಅಂದ್ಕೊಂಡು ಆ ಕಂಬದ ಹಿಂದಿನ ಬೆಂಚ್ ತೋರಸ್ತಿದ್ದರಂತ. ಬಾಗಿಲ ಗಾಳಿ ಬಡೀತದ ಅಲ್ಲಿ, ಥಂಡಿ. ಅಲ್ಲಿ ಕುಂತರ ಲಗೂ ಬಿಟ್ಟು ಹೋಗ್ತಾರ ಅಂತ."

ನೀಲವ್ವ ಹೊರಳಿ ನೋಡಿದಳು. ಹಿಂದೆ, ಬಾಗಿಲ ಹತ್ತಿರ, ದಪ್ಪನೆಯ ಕಲ್ಲಿನ ಕಂಬ. ಅದರ ಹಿಂದೆ ಒಂದು ಗಿಡ್ಡ ಬೆಂಚು.

"ಅನಿಕೇತಗ ಸೀಟ್ ಸಿಕ್ಕ ಮ್ಯಾಲೂ ಬಂದಳಂತ. ಡೊರೀನ್ ಹೇಳಿದರಂತ, ನಿನ್ನ ಕೆಲಸ ಆತಲ್ಲ, ಇನ್ನ ಬರೋದು ಬ್ಯಾಡ ಅಂತ." ಅನ್ವಿತಾ ಅಜ್ಜಿಯ ಕಡೆ ಇನ್ನಷ್ಟು ಬಾಗಿದಳು. "ಮಮ್ಮಿ, ಗೊತ್ತು ಅಂತ ಹೇಳಿ ಹೋಗಿ ಅಲ್ಲೇ ಕುಂತಳಂತ. ಭಾಳ ವರ್ಷ. ಇವರು ಮಾತಾಡಸ್ತಿರಲಿಲ್ಲಂತ. ಬ್ಯಾಪ್ಟಿಸಂ ಆದಾಗೂ ನಂಬಿರಲಿಲ್ಲಂತ. ಆಮೇಲೆ ಡೊರೀನ್ ಅವರ ಹಸ್ಬೆಂಡ್ ಹಾಸಿಗಿ ಹಿಡದ್ರು. ಆಗ ಮನೀಗೆ ಬಂದಾಕಿ ಮಮ್ಮಿ ಒಬ್ಬಾಕೀನ. ಅವರ ಕಾಲಿನ ಉಗುರು ತಗೀತಿದ್ದಳಂತ."

ಮುಂದೆ ನಿಂತ ಮುದುಕಿ ಕರವಸ್ತ್ರ ತೆಗೆದು ಕನ್ನಡಕ ಒರೆಸಿಕೊಂಡಳು.

"ಆಮೇಲೆ ಮುಂದ ಬಂದು ಕೂಡು ಅಂತ ಎಷ್ಟು ಕರದರೂ ಮಮ್ಮಿ ಬರಲಿಲ್ಲಂತ ಆಯಿ. ಯಾರರೆ ಹೊಸಬರು ಬಂದರ ಆ ಥಂಡ್ಯಾಗ ಕುಂದ್ರೂದು ಬ್ಯಾಡ, ಅದು ನನಗ ರೂಢಿ ಐತಿ ಅಂದಳಂತ."

ಕೊನೆಯ ಹಾಡಿಗೆ ಎಲ್ಲರೂ ಎದ್ದರು. ನೀಲವ್ವನೂ ಎದ್ದಳು, ಆದರೆ ನಿಲ್ಲಲಿಲ್ಲ. ಸಾಲಿನಿಂದ ಹೊರಬಂದು, ಹಾಡುವವರ ನಡುವಿನ ದಾರಿಯಲ್ಲಿ ಗೋಡೆ ಹಿಡಿದವಳ ಹಾಗೆ ಬೆಂಚಿನ ಅಂಚುಗಳನ್ನು ಹಿಡಿಯುತ್ತ ಹಿಂದಕ್ಕೆ ನಡೆದಳು. ದಾನಪ್ಪ "ಅಕ್ಕಾ, ಎಲ್ಲಿ?" ಅಂದ. ಅವಳು ತಿರುಗಲಿಲ್ಲ. ಕಂಬದ ಹಿಂದಿನ ಬೆಂಚಿನಲ್ಲಿ ಹೋಗಿ ಕುಳಿತಳು.

ಅಲ್ಲಿಂದ ಏನೂ ಕಾಣುತ್ತಿರಲಿಲ್ಲ. ಶಿಲುಬೆಯೂ ಇಲ್ಲ, ಪಾದ್ರಿಯೂ ಇಲ್ಲ, ಸೊಸೆಯ ಪೆಟ್ಟಿಗೆಯೂ ಇಲ್ಲ, ಬರೀ ಕಲ್ಲು. ಬಾಗಿಲ ಕೆಳಗಿನಿಂದ ನುಗ್ಗಿದ ಗಾಳಿ ಉಣ್ಣೆಯ ಕಾಲುಚೀಲ ದಾಟಿ ಹಿಮ್ಮಡಿಗೆ ಕೊರೆಯಿತು. ಇಲ್ಲಿ ಕೂತವರಿಗೆ ಕಾಣುವುದು ಒಂದೇ, ಬಾಗಿಲು. ಯಾರು ಬಂದರೂ ಮೊದಲು ಕಾಣುವುದು ಇಲ್ಲಿ ಕೂತವಳಿಗೆ.

ಹಾಗಾದರೆ ಇಲ್ಲಿಯೂ ಶೋಭಾಳನ್ನು ನಂಬಿರಲಿಲ್ಲ. ಮನೆಯಲ್ಲಿ ತಾನು, ಇಲ್ಲಿ ಆ ಉದ್ದನೆಯ ಮುದುಕಿ. ಭಾನುವಾರ ಇಲ್ಲಿ ಥಂಡಿ ತಿಂದು ಮನೆಗೆ ಬಂದವಳು ಅತ್ತೆಯ ಬೇರೆ ಪಾತ್ರೆಗಳನ್ನು ನೋಡುತ್ತಿದ್ದಳು. ಅಲ್ಲಿನ ಮಾತನ್ನು ಇಲ್ಲಿ ಹೇಳಲಿಲ್ಲ, ಇಲ್ಲಿನದನ್ನು ಅಲ್ಲಿ ಹೇಳಲಿಲ್ಲ. ನೀಲವ್ವ ಕಿಸೆಯೊಳಗಿನ ಮುಷ್ಟಿಯನ್ನು ಇನ್ನೊಂದು ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡು, ಹಾಡು ಮುಗಿಯುವವರೆಗೂ ಕಲ್ಲನ್ನೇ ನೋಡುತ್ತ ಕುಳಿತಳು.

*

ಸ್ಮಶಾನದಲ್ಲಿ ರಾತ್ರಿ ಮಳೆಯಾಗಿ ಹುಲ್ಲು ಜೌಗಾಗಿತ್ತು. "ಆಯಿ, ಕಾರಿನಾಗ ಕೂಡು," ಅಂದ ಅನಿಕೇತ. ಅವಳು ಇಳಿದೇಬಿಟ್ಟಳು. ಪೆಟ್ಟಿಗೆ ಪಟ್ಟಿಗಳ ಮೇಲೆ ನಿಧಾನ ಕೆಳಗಿಳಿಯಿತು. ಪಾದ್ರಿ ಮೊದಲ ಹಿಡಿ ಮಣ್ಣು ಹಾಕಿದಳು. ನಿಜಲಿಂಗಪ್ಪ ಹಾಕಿದ, ಮಕ್ಕಳು ಹಾಕಿದರು.

ದಾನಪ್ಪ ಅಕ್ಕನ ಪಕ್ಕಕ್ಕೆ ಬಂದ. ಫೋನು ಕೈಯಲ್ಲಿತ್ತು. "ಅಕ್ಕಾ, ಈಗ. ಪೆಟಗಿ ಮ್ಯಾಲ ಬಿಟ್ಟುಬಿಡು. ಯಾರೂ ನೋಡಂಗಿಲ್ಲ."

ನೀಲವ್ವ ಗುಂಡಿಯ ಅಂಚಿಗೆ ಹೋದಳು. ಮುಷ್ಟಿ ಬಿಚ್ಚಿದಳು. ಬೆವೆತ ಅಂಗೈಯಲ್ಲಿ ಲಿಂಗ ಕರ್ರಗೆ ಹೊಳೆಯಿತು. ಕೆಳಗೆ, ಮಣ್ಣು ಬಿದ್ದ ಪೆಟ್ಟಿಗೆಯ ಮೇಲಿನ ಶಿಲುಬೆ ಅರ್ಧ ಮುಚ್ಚಿತ್ತು. ಆಮೇಲೆ ಲಿಂಗವನ್ನು ಕಣ್ಣಿಗೊತ್ತಿಕೊಂಡು, ಕರಡಿಗೆಗೆ ಹಾಕಿ, ಕರಡಿಗೆಯನ್ನು ಚೀಲಕ್ಕೆ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಖಾಲಿಯಾದ ಕೈಯಿಂದ ಒಂದು ಹಿಡಿ ಹಸಿ ಮಣ್ಣು ತೆಗೆದು ಕೆಳಗೆ ಬಿಟ್ಟಳು.

"ಹೋಗಿ ಬಾರವ್ವ," ಅಂದಳು.

"ಅಕ್ಕಾ! ಏನ ಮಾಡಿದಿ?"

"ಹೊಳ್ಳಿ ಬೇಡ್ತಿ ಅಂದಿದ್ದೆ. ಅಕಿ ಬೇಡಲಿಲ್ಲ. ಬೇಡದ್ದು ಹ್ಯಾಂಗ ಕೊಡ್ಲಿ? ಅಕಿ ಬೆರಳು ಬಿಡಿಸಿ ಕೊಡ್ಲೇನು?"

"ಮತ್ತ ಅದು?"

"ನನ್ನ ಕೂಡ ಬರತೈತಿ. ನಾ ಮಣ್ಣಾಗೂ ದಿನಾ ನೀ ಇದ್ದರ, ಎರಡೂ ನನ್ನ ಕೈಯಾಗ ಇಡು."

ದಾನಪ್ಪನ ಮುಖ ಕೆಂಪಾಯಿತು. ಜನರಿದ್ದಾರೆಂದು ಹಲ್ಲು ಕಚ್ಚಿಯೇ ಮಾತಾಡಿದ. "ಮಂದಿ ಏನಂತಾರ ಗೊತ್ತೈತೇನು? ಸೊಸಿ ಹೋಗೂ ಮುಂದ ಅತ್ತೀನೂ ಒಳಗ ಹಾಕ್ಕೊಂಡು ಹ್ವಾದಳು ಅಂತಾರ. ಬರೂ ಆಯಿತವಾರ ನೀನೂ ಅಲ್ಲಿ ಹೋಗಿ ಕುಂದ್ರಾಕೀನ! ಇವತ್ತ ನೋಡಿದ್ನಲ್ಲ, ಎಲ್ಲಾರ ಮುಂದ ಎದ್ದು ಹೋಗಿ ಕುಂತದ್ದು! ನಾ ಊರಾಗ ಏನಂತ ಹೇಳ್ಲಿ? ಹೇಳು, ಏನಂತ ಹೇಳ್ಲಿ?"

ನೀಲವ್ವನ ನಾಲಿಗೆಯ ತುದಿಗೆ ಒಂದಲ್ಲ, ಹತ್ತು ಉತ್ತರ ಬಂದವು. ಒಂದೊಂದೂ ಚುರುಕಾಗಿದ್ದವು, ಅವಳಿಗೆ ಅದರಲ್ಲಿ ಎಂದೂ ಕೊರತೆಯಿರಲಿಲ್ಲ. ತಮ್ಮನ ಮುಖವನ್ನು ನೋಡಿದಳು. ಒಂದನ್ನೂ ಆಡಲಿಲ್ಲ.

ಅಷ್ಟರಲ್ಲಿ ಹಿಂದಿನಿಂದ "ಓ ಡಿಯರ್" ಎಂಬ ದನಿ ಕೇಳಿಸಿತು. ಡೊರೀನಳ ಊರುಗೋಲಿನ ಮುಂದಿನ ಗಾಲಿಗಳೆರಡೂ ಕೆಸರಿನಲ್ಲಿ ಹೂತುಹೋಗಿದ್ದವು. ಅವಳು ತಳ್ಳಿದಷ್ಟೂ ಅದು ಇನ್ನಷ್ಟು ಇಳಿಯುತ್ತಿತ್ತು. ಗಂಡಸರೆಲ್ಲ ಗುಂಡಿಯ ಸುತ್ತ ಇದ್ದರು.

ನೀಲವ್ವ ಸೀರೆಯ ನೆರಿಗೆ ಎತ್ತಿ ಹಿಡಿದು ಅವಳ ಹತ್ತಿರ ಹೋದಳು. ಊರುಗೋಲನ್ನು ಒಮ್ಮೆ ಅಲುಗಿಸಿ ನೋಡಿದಳು. "ಬಿಡಿದನ್ನ. ಇದು ಈಗ ಏಳಂಗಿಲ್ಲ," ಅಂತ ಅವಳ ಕೈಯನ್ನು ಅದರಿಂದ ಬಿಡಿಸಿ ತನ್ನ ತೋಳೊಳಗೆ ಸೇರಿಸಿಕೊಂಡಳು. "ಈ ಕಾಲು ಎತ್ತಿಡು. ಹಾಂ. ಈಗ ಈ ಕಾಲು."

ಡೊರೀನ್‌ಗೆ ಕನ್ನಡ ಬರುತ್ತಿರಲಿಲ್ಲ. ಕಾಲು ಎತ್ತಿಟ್ಟಳು.

"ಥ್ಯಾಂಕ್ಯೂ," ಅಂದಳು. ಆಮೇಲೆ ತನ್ನ ಭಾಷೆಯಲ್ಲಿ ಇನ್ನೂ ಏನೇನೋ ಹೇಳುತ್ತ ಹೋದಳು. ನಡುನಡುವೆ ಶೋಭಾ, ಶೋಭಾ ಎಂದಷ್ಟೇ ನೀಲವ್ವನಿಗೆ ತಿಳಿಯಿತು.

"ಹೂಂ ಹೂಂ, ನಡಿ, ಮಾತಾಡಕೋತ ಬೀಳಬ್ಯಾಡ," ಅಂದಳು ನೀಲವ್ವ.

ಇಬ್ಬರು ಮುದುಕಿಯರು, ಒಬ್ಬಳು ಉದ್ದ ಒಬ್ಬಳು ಗಿಡ್ಡ, ಒಬ್ಬರ ಭಾರ ಒಬ್ಬರ ಮೇಲೆ ಹಾಕಿ ಜೌಗು ಹುಲ್ಲಿನ ಮೇಲೆ ಕಾರುಗಳ ಕಡೆ ನಡೆದರು. ದಾನಪ್ಪ ನಿಂತು ನೋಡಿದ. ಫೋನನ್ನು ಕಿಸೆಗೆ ಹಾಕಿಕೊಂಡ. ಆಮೇಲೆ, ಇನ್ನೂ ಗೊಣಗುತ್ತಲೇ, ಕೆಸರಿನಿಂದ ಆ ಊರುಗೋಲನ್ನು ಕಿತ್ತು, ಗಾಲಿಗಳಿಂದ ಮಣ್ಣು ತೊಟ್ಟಿಕ್ಕುತ್ತಿದ್ದಂತೆ ಹೆಗಲ ಮೇಲೆ ಹೊತ್ತುಕೊಂಡು ಅವರ ಹಿಂದೆ ಹೊರಟ.